ಕಿಟಕಿಗೆ ಮುಖ ಮಾಡಿದ ಮಿಷನ್

ಅತ್ತೆ ಮತ್ತೆ ಕೆಮ್ಮಿದರು. ಹೊಲಿಯುತ್ತಿದ್ದ ಸೊಸೆಯ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ಹೊರಳಿತು. ಹಾಸಿಗೆ ಹಿಡಿದಿದ್ದ ಅತ್ತೆಗೆ ಹೊಸದಾಗಿ ಏನೂ ಆಗಿರಲಿಲ್ಲ. ಆಗಿದ್ದು ಇವಳಿಗೇ: ಕುತ್ತಿಗೆಯಿಂದ ಭುಜದವರೆಗೆ ಚಳುಕು ಹೊಡೆದು, ಅಂಗಿಯ ತೋಳಿನ ಹೊಲಿಗೆ ಸೊಟ್ಟಗಾಯಿತು.

ಬೆಳಕಿಗೆಂದು ಮಿಷನ್ನನ್ನು ಕಿಟಕಿಯ ಎದುರು ಇಟ್ಟುಕೊಂಡಿದ್ದಳು. ಅತ್ತೆಯ ಮಂಚ ಬೆನ್ನ ಹಿಂದೆ. ತನ್ನ ಕುತ್ತಿಗೆ ನೋವಿಗೆ ದಿಂಬು ಬದಲಿಸಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಶಾಖ ಕೊಟ್ಟಿದ್ದೂ ಆಯಿತು. "ಕುತ್ತಿಗೆ ಗಕ್ಕನೆ ತಿರುಗಿಸ್ಬೇಡಿ" ಎಂದಿದ್ದರು ಡಾಕ್ಟರು. ಅವರಿಗೇನು, ಅವರ ಬೆನ್ನ ಹಿಂದೆ ಯಾರೂ ಕೆಮ್ಮುವುದಿಲ್ಲ.

ಇನ್ನೊಂದು ಕೆಮ್ಮು. ಈ ಸಲ ಅವಳು ಹಲ್ಲು ಕಚ್ಚಿ ಕೂತಳು, ತಿರುಗಲಿಲ್ಲ. ಕೆಮ್ಮು ಜೋರಾಯಿತು, ಆಮೇಲೆ ಸದ್ದೇ ಇಲ್ಲ. ಎದ್ದು ಮಂಚದ ಹತ್ತಿರ ಓಡಿದಳು.

"ಏನಾಯ್ತು ಅತ್ತೆ? ನೀರು ಕೊಡ್ಲಾ?"

"ಏನೂ ಬೇಡ. ಬೆಳಗಿಂದ ಸಂಜೆತನಕ ನಿನ್ನ ಬೆನ್ನು ನೋಡಿ ನೋಡಿ ಸಾಕಾಗುತ್ತೆ. ಕೆಮ್ಮಿದ್ರೆ ಒಂದ್ಸಲ ಮುಖ ಕಾಣುತ್ತೆ." ಅತ್ತೆ ಮೆಲ್ಲಗೆ ಕೈಯೆತ್ತಿ ಸೊಸೆಯ ಭುಜ ಒತ್ತಿದರು. "ಆ ಮಿಷನ್ನು ಈ ಕಡೆ ತಿರುಗ್ಸಿ ಇಟ್ಕೊಳ್ಳೇ. ನಿನ್ನ ನೋವೂ ಹೋಗುತ್ತೆ, ನನ್ನ ಕೆಮ್ಮೂ ಹೋಗುತ್ತೆ."