ನಾಲ್ಕನೆಯ ಭಾಗ

"ನಡುವೆ ಯಾರಾದ್ರೂ ಚಪ್ಪಾಳೆ ಹೊಡೆದ್ರೆ ಎಬ್ಬಿಸಿ ಹೊರಗೆ ಕಳಿಸ್ತೀನಿ!" ಸಭಾಂಗಣದ ಬಾಗಿಲು ಕಾಯುವವನು ಕಪ್ಪು ಟಿ-ಶರ್ಟಿನ ಹಿಂಡಿಗೆ ಗದರುತ್ತಿದ್ದ. "ಸಿಂಫನಿ ಅಂದ್ರೆ ನಾಲ್ಕು ಭಾಗ. ಒಂದೊಂದು ಭಾಗ ಆದ್ಮೇಲೂ ಸ್ವಲ್ಪ ನಿಲ್ಲಿಸ್ತಾರೆ. ಮುಗೀತು ಅಂದ್ಕೊಂಡು ಮಾನ ಕಳ್ಕೋಬೇಡಿ. ಹಳಬರನ್ನ ನೋಡ್ತಿರಿ. ಅವರು ತಟ್ಟಿದ್ರೆ ನೀವೂ ತಟ್ಟಿ."

ರಾಕ್ ಗಿಟಾರಿನವನ ಅಭಿಮಾನಿಗಳು ಬೆಕ್ಕಿನ ಹೆಜ್ಜೆಯಿಟ್ಟು ಒಳಗೆ ಹೋದರು. ಅವನು ಮೊದಲ ಬಾರಿಗೆ ವಾದ್ಯವೃಂದಕ್ಕೆಂದು ಬರೆದಿದ್ದ. ಕಾರ್ಯಕ್ರಮದ ಪುಸ್ತಿಕೆಯ ತುಂಬ ಅವನ ಚಿತ್ರಗಳೇ. ಕೃತಿಯ ಬಗ್ಗೆ ಒಂದು ಸಾಲಿಲ್ಲ. ಹಳಬರು, ಅಂದರೆ ವರ್ಷವಿಡೀ ತಪ್ಪದೆ ಬರುವ ರಸಿಕರು, ಮೂಗು ಮುರಿಯಲೆಂದೇ ಬಂದು ಕೂತಿದ್ದರು. ವಾದ್ಯವೃಂದದ ನಿರ್ದೇಶಕನೂ ಬಿಗುಮಾನದವನು. ಚಪ್ಪಾಳೆ ಬೀಳದೆ ಸಭೆಯತ್ತ ಮುಖ ತಿರುಗಿಸುವವನಲ್ಲ.

ಗಿಟಾರಿನವನಿಗೆ ಇವರಾರ ಚಿಂತೆಯೂ ಇರಲಿಲ್ಲ. ಪಕ್ಕದಲ್ಲಿ ಅಪ್ಪ ಕೂತಿದ್ದರು. ಇದೇ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿ ನಿವೃತ್ತರಾದವರು. ಮಗನ ಸಂಗೀತಕ್ಕೆ ಅವರು ಇಟ್ಟ ಹೆಸರು ಗದ್ದಲ. ಅಮ್ಮ ಕಾಡಿ ಬೇಡಿ ಕರೆತಂದಿದ್ದರು. ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬಂದೀತು ಎಂಬ ಆಸೆಗೇ ಅವನು ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದಿದ್ದ.

ಮೊದಲ ಭಾಗದಲ್ಲಿ ತುತ್ತೂರಿಗಳು ಜಗಳವಾಡಿದವು. ಅಪ್ಪ ಗಡಿಯಾರ ನೋಡಿಕೊಂಡರು. ಎರಡನೆಯದರಲ್ಲಿ ಪಿಟೀಲುಗಳು ಗೋಳಾಡಿದವು. ಅಪ್ಪ ಆಕಳಿಸಿದರು. ಮೂರನೆಯದು ಚಾವಣಿ ಹಾರುವಂತೆ ನಗಾರಿ ಬಡಿದು ಗಕ್ಕನೆ ನಿಂತಿತು. ಯಾರೂ ಕೈ ಎತ್ತಲಿಲ್ಲ. ಅಭಿಮಾನಿಗಳಂತೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದರು.

ಆಮೇಲೆ ಮೌನ.

ಪಿಟೀಲಿನವರ ಕಮಾನುಗಳು ತೊಡೆಗಿಳಿದವು. ನಗಾರಿಯವನು ಹಣೆ ಒರೆಸಿಕೊಂಡ. ನಿರ್ದೇಶಕ ಬೆನ್ನು ಹಾಕಿ ನಿಂತೇ ಇದ್ದ. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು. ಯಾರದೋ ಉಸಿರು ಕೇಳಿಸಿತು. ಪತ್ರಿಕೆಯ ವಿಮರ್ಶಕ ಪಕ್ಕದವಳ ಕಿವಿಯಲ್ಲಿ, "ಏನು ಧೈರ್ಯ ನೋಡ್ರೀ! ಒಂದು ಸ್ವರ ಇಲ್ಲ!" ಎಂದ. ಆ ಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ಹಳಬರು ಕಣ್ಣು ಮುಚ್ಚಿ ತಲೆದೂಗತೊಡಗಿದರು. ಅರ್ಥವಾಗಲಿಲ್ಲ ಎಂದು ತೋರಿಸಿಕೊಳ್ಳಲು ಅವರೇನು ದಡ್ಡರೇ?

ಗಿಟಾರಿನವನ ಮುಖ ಬಿಳಚಿಕೊಂಡಿತ್ತು. ಎದ್ದು ಓಡಿಬಿಡೋಣ ಎನಿಸುತ್ತಿತ್ತು. ಹೆತ್ತವಳಿಗೇ ಗೊತ್ತು ಹೆರಿಗೆಯ ನೋವು.

ಆಗ ಅಪ್ಪ ಎದ್ದು ನಿಂತರು. ಕಣ್ಣು ಒದ್ದೆಯಾಗಿತ್ತು. ಜೋರಾಗಿ ಚಪ್ಪಾಳೆ ತಟ್ಟಿದರು. ಹಳಬರು ಎದ್ದರು, ಅವರನ್ನು ನೋಡಿ ಅಭಿಮಾನಿಗಳೂ ಎದ್ದರು. ಸಭಾಂಗಣ ಅದುರಿತು. ನಿರ್ದೇಶಕ ಕೊನೆಗೂ ತಿರುಗಿ ತಲೆಬಾಗಿದ.

"ಮೊದಲಿನ ಮೂರೂ ಬರೀ ಗದ್ದಲ ಕಣೋ," ಅಪ್ಪ ಮಗನನ್ನು ತಬ್ಬಿಕೊಂಡರು. "ಆದ್ರೆ ಆ ನಾಲ್ಕನೇದು! ನೀನು ನನ್ನ ಮಗ ಕಣೋ! ಹೇಗಪ್ಪಾ ಬರೆದೆ ಅದನ್ನ?"

ಮಗ ಬಾಯಿ ತೆರೆದ. ಅಪ್ಪನ ಮುಖ ನೋಡಿ ಮುಚ್ಚಿಕೊಂಡ.

ಅವನು ಬರೆದದ್ದು ಮೂರೇ ಭಾಗ.