ಹೊಸ್ತಿಲ ವರ್ಣನೆ

ನಮ್ಮೂರಿನಲ್ಲಿ ಮನೆಗೊಬ್ಬರು ಬರೆಯುತ್ತಾರೆ. ಅವರು ಬರೆದ ವೇಗದಲ್ಲೇ ಆ ಮನೆಯ ಹೊತ್ತು ಸಾಗುತ್ತದೆ. ಭರಮಪ್ಪನ ಮನೆಯಲ್ಲಿ ಬರೆಯುವವಳು ಮಗಳು ಕಾಶವ್ವ.

ಅಂದು ಒಳಕೋಣೆಯಲ್ಲಿ ಸೊಸೆ ಹೆರಿಗೆ ಬೇನೆ ತಿನ್ನುತ್ತಿದ್ದಳು. "ಲಗೂನ ಬರೀರಿ ಅಕ್ಕಾ, ಒಂದ ಸಾಲಿನಾಗ ಮುಗಸ್ರಿ!" ಎಂದು ಚೀರಿದಳು. ಪಡಸಾಲೆಯಲ್ಲಿ ಭರಮಪ್ಪ ಕೊನೆಯುಸಿರು ಎಳೆಯುತ್ತಿದ್ದ. ಮೊಮ್ಮಗುವಿನ ಮುಖ ನೋಡದೆ ಹೋಗಲೊಲ್ಲ.

ಕಾಶವ್ವ ಒಂದೇ ಸಾಲಿನಲ್ಲಿ ಹೆರಿಗೆ ಮುಗಿಸಿದಳು. ಕೂಸು ಅತ್ತಿತು. ಅಪ್ಪನ ಉಸಿರೂ ಅಷ್ಟೇ ಬೇಗ ಸವೆದಿತ್ತು. ಹೆದರಿ ನಿಧಾನ ಮಾಡಿದಳು: ಕೂಸಿಗೆ ಸುತ್ತಿದ ಹಳೆ ಸೀರೆಯ ಅಂಚು, ಹೊಸ್ತಿಲಿನ ಅರಿಶಿನ, ಅದರ ಬಿರುಕಿನಲ್ಲೊಂದು ಇರುವೆ. ಅಪ್ಪನ ಉಸಿರು ಉಳಿಯಿತು. ಆದರೆ ಕೂಸನ್ನು ತರುತ್ತಿದ್ದ ಸೂಲಗಿತ್ತಿಯ ಎತ್ತಿದ ಕಾಲು ಹೊಸ್ತಿಲ ಮೇಲೇ ಉಳಿಯಿತು.

"ಇರಿವಿ ಸಾಕು ಮಗಳ," ಅಪ್ಪ ನಕ್ಕ. "ಕೂಸನ್ನ ದಾಟಸು."

ಕಾಶವ್ವ ದಾಟಿಸಿದಳು. ಕೂಸು ಅಪ್ಪನ ಎದೆ ಮುಟ್ಟಿತು. ಮುಂದಿನ ಸಾಲು ಬರೆಯಲು ಅವಳ ಕೈ ಏಳಲಿಲ್ಲ.