ಎಡಕ್ಕೆ ವಾಲಿದ ಅಕ್ಷರ

"ಅತ್ತಿಗೆ, ಇದು ಅಣ್ಣನ ಅಕ್ಷರ ಅಲ್ವಾ? ಯಾವಾಗ ಬರೆದಿಟ್ಟಿದ್ದ?" ಅಂಚೆಗೆ ಹಾಕಲೆಂದು ಎತ್ತಿಕೊಂಡ ಕಾಗದವನ್ನು ನಾದಿನಿ ಹಾಗೇ ಹಿಡಿದು ನಿಂತಳು.

ಅತ್ತಿಗೆ ಲೇಖನಿ ಕೆಳಗಿಟ್ಟಳು. ಗಂಡನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತಷ್ಟೆ. ತನ್ನ ಅಕ್ಕನಿಗೆಂದು ಆಗತಾನೆ ಬರೆದ ಎರಡು ಸಾಲಿನ ಶಾಯಿ ಇನ್ನೂ ಒಣಗಿರಲಿಲ್ಲ. "ನಾನೇ ಈಗ ಬರೆದದ್ದು ಕಣೇ. ಹನ್ನೊಂದು ವರ್ಷದ ಅಭ್ಯಾಸ ನೋಡು, ಕೈ ಅದೇ ದಾರಿ ಹಿಡೀತು," ಎಂದು ನಗಲು ನೋಡಿದಳು.

ಸುಳ್ಳಲ್ಲ. ಮನೆಮನೆಯಲ್ಲೂ ಓದುತ್ತಿದ್ದ ಕಾದಂಬರಿಕಾರರಾಗಿದ್ದ ಗಂಡನ ಕೈ ಹನ್ನೊಂದು ವರ್ಷದ ಹಿಂದೆಯೇ ನಡುಗತೊಡಗಿತ್ತು. ಪ್ರಕಾಶಕರಿಗೆ ಸುಳಿವು ಹತ್ತಬಾರದೆಂದು ಅವರು ಸಾಲುಸಾಲಾಗಿ ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು, ಅವರದೇ ಎಡಕ್ಕೆ ವಾಲಿದ ಕಾಗೆ ಕಾಲು ಗುಬ್ಬಿ ಕಾಲಿನಲ್ಲಿ. ಕೊನೆಗೆ ಸಹಿ ಹಾಕುವವಳೂ ಅವಳೇ. ಅವರು 'ನಾನು' ಎಂದರೆ ಮರುಮಾತಿಲ್ಲದೆ 'ನಾನು' ಎಂದೇ ಬರೆಯುತ್ತಿದ್ದಳು. ಮದುವೆಗೆ ಮುಂಚಿನ ತನ್ನ ದುಂಡು ಅಕ್ಷರ ಹೇಗಿತ್ತೆಂಬುದೇ ಅವಳಿಗೆ ಮರೆತುಹೋಗಿತ್ತು.

"ಅಕ್ಷರ ಹಾಳಾಗಲಿ ಅತ್ತಿಗೆ." ನಾದಿನಿ ಕಾಗದವನ್ನು ಮುಂದೆ ಚಾಚಿದಳು. "ಏನು ಬರೆದಿದ್ದೀರಿ ಅಂತ ಒಂದ್ಸಲ ಓದಿ."

ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. 'ಅವರು ಹೋಗಿಬಿಟ್ಟರು ಅಕ್ಕಾ, ನಾನೊಬ್ಬಳೇ ಉಳಿದೆ' ಎಂದು ಅಳುತ್ತಲೇ ಬರೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಕಾಗದದ ಮೇಲೆ, ಎಡಕ್ಕೆ ವಾಲಿ, ಹೀಗಿತ್ತು: 'ನಿಮ್ಮ ತಂಗಿ ಮೊನ್ನೆ ತೀರಿಕೊಂಡಳು. ನಾನು ಆರಾಮಾಗಿದ್ದೇನೆ. ಕೈ ಈಗ ನಡುಗುತ್ತಿಲ್ಲ.'